ಹಳೆಯ ಅಲಗಿಗೆ ಹೊಸ ಹಿಡಿ

ಅಜ್ಜಂದಿರ ಕಾಲದ ಮಡಚುವ ಕ್ಷೌರದ ಕತ್ತಿ ಈಗ ಸೆಲೂನುಗಳಲ್ಲೂ ಅಪರೂಪ. ಒಬ್ಬರಿಗೆ ಬಳಸಿ ಎಸೆಯುವ ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿ ಅದರ ಜಾಗಕ್ಕೆ ಬಂದಿದೆ. ಆದರೆ ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಸೋಲಿಂಗನ್‌ಗಳಲ್ಲಿ ನೂರು-ನೂರೈವತ್ತು ವರ್ಷಗಳ ಹಿಂದೆ ತಯಾರಾದ ಕತ್ತಿಗಳನ್ನು ಹುಡುಕಿ ತಂದು, ತುಕ್ಕು ತೆಗೆದು, ಮರದ ಹಿಡಿ ತೊಡಿಸಿ ಮತ್ತೆ ಬಳಕೆಗೆ ತರುವ ಹವ್ಯಾಸಿಗಳು ಹಲವು ದೇಶಗಳಲ್ಲಿದ್ದಾರೆ.

ಶೆಫೀಲ್ಡಿನ ಹೆಸರಿಗೆ ಕಾರಣ ಅಲ್ಲಿನ ಉಕ್ಕು. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರ ತಯಾರಕ ಮೂಸೆಯಲ್ಲಿ ಉಕ್ಕು ಕರಗಿಸುವ ವಿಧಾನ ರೂಪಿಸಿದ. ಅಂಥ ಉಕ್ಕಿನ ಅಲಗು ತಲೆಮಾರುಗಟ್ಟಲೆ ಬಾಳುತ್ತದೆ. 1903ರಲ್ಲಿ ಜಿಲೆಟ್ ಸೇಫ್ಟಿ ರೇಜರ್ ಮಾರುಕಟ್ಟೆಗೆ ಬಂದ ಮೇಲೆ ಹಳೆಯ ಕತ್ತಿಗಳು ಮೆಲ್ಲಗೆ ಪೆಟ್ಟಿಗೆ ಸೇರಿದವು.

ಹಿಡಿಯೇ ಹಗೆ

ಪೆಟ್ಟಿಗೆಯಲ್ಲಿ ಅಲಗನ್ನು ತಿನ್ನುವುದು ತೇವವಷ್ಟೇ ಅಲ್ಲ. ಕೆಲವೊಮ್ಮೆ ಹಿಡಿಯೇ ತಿನ್ನುತ್ತದೆ! ಕೊಂಬು, ದಂತಗಳ ಬದಲಿಗೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸೆಲ್ಯುಲಾಯ್ಡ್ ಹಿಡಿಗಳು ಬಂದವು. ಸೆಲ್ಯುಲಾಯ್ಡ್ ಹಳತಾಗಿ ಕೊಳೆತಾಗ ಹೊರಬೀಳುವ ಅನಿಲ, ತೇವದೊಡನೆ ಸೇರಿ ಆಮ್ಲವಾಗುತ್ತದೆ. ಮಡಚಿಟ್ಟ ಅಲಗು ಒಳಗೊಳಗೇ ತುಕ್ಕು ಹಿಡಿಯುತ್ತದೆ. ಪಕ್ಕದಲ್ಲಿರುವ ಬೇರೆ ಕತ್ತಿಗಳಿಗೂ ಅಪಾಯ ತಪ್ಪದು. ಹಾಗಾಗಿ ಮರದ ಹೊಸ ಹಿಡಿ ಬರಿಯ ಅಲಂಕಾರವಲ್ಲ, ಅಲಗಿನ ಪ್ರಾಣ ಉಳಿಸುವ ಉಪಾಯ.

ಮೊದಲು ಮೊಳೆಯ ತಲೆಯನ್ನು ಅರದಿಂದ ಉಜ್ಜಿ ಹಳೆಯ ಹಿಡಿ ಬಿಡಿಸಬೇಕು. ಅನಂತರ ನಯವಾದ ಉಪ್ಪುಕಾಗದದಿಂದ ಕೈಯಲ್ಲೇ ತುಕ್ಕು ತೆಗೆಯಬೇಕು. ಯಂತ್ರಕ್ಕೆ ಕೊಟ್ಟರೆ ಬೇಗ ಮುಗಿಯುತ್ತದೆ, ನಿಜ. ಆದರೆ ಬಿಸಿಯೇರಿ ಅಲಗು ನೀಲಿ ಬಣ್ಣಕ್ಕೆ ತಿರುಗಿತೆಂದರೆ ಉಕ್ಕಿನ ಹದ ಕೆಟ್ಟಿತೆಂದೇ ಅರ್ಥ; ಮತ್ತೆ ಹರಿತ ನಿಲ್ಲದು. ಅತಿಯಾಗಿ ಉಜ್ಜಿದರೆ ತಯಾರಕನ ಮುದ್ರೆಯೂ ಅಳಿಸುತ್ತದೆ. ಕತ್ತಿಯ ವಯಸ್ಸು ತಿಳಿಸುವುದು ಆ ಮುದ್ರೆಯೇ. ಅಮೆರಿಕದ 1890ರ ಸುಂಕದ ಕಾನೂನು ಆಮದು ಸರಕಿನ ಮೇಲೆ ದೇಶದ ಹೆಸರು ಕಡ್ಡಾಯ ಮಾಡಿದ್ದರಿಂದ, ‘ಇಂಗ್ಲೆಂಡ್’ ಎಂಬ ಮುದ್ರೆಯಿರುವ ಕತ್ತಿ ಸಾಮಾನ್ಯವಾಗಿ ಅದರ ನಂತರದ್ದು.

ಹಿಡಿಗೆ ಬೇಕಾದದ್ದು ಸುಮಾರು ಮೂರು ಮಿಲಿಮೀಟರ್ ದಪ್ಪದ, ಗೇಣುದ್ದಕ್ಕೂ ಕಡಿಮೆಯ ಎರಡು ಪಟ್ಟಿ. ನಮ್ಮ ಮಲೆನಾಡಿನ ಬೀಟೆಯಂಥ ಗಟ್ಟಿ ಮರ ಇದಕ್ಕೆ ಹೇಳಿಮಾಡಿಸಿದ್ದು. ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರ 2017ರಿಂದ ನಿಯಂತ್ರಣದಲ್ಲಿದೆ; ಆದರೆ ಮುರಿದ ಹಳೆಯ ಕುರ್ಚಿಯ ಕಾಲೊಂದಿದ್ದರೂ ಈ ಕೆಲಸಕ್ಕೆ ಸಾಕು. ಮರದ ಎಳೆ ಉದ್ದಕ್ಕೆ ಇರಬೇಕು, ಇಲ್ಲವಾದರೆ ಹಿಡಿ ಸೀಳುತ್ತದೆ. ಬಾಲದ ತುದಿಯಲ್ಲಿ, ಎರಡು ಪಟ್ಟಿಗಳ ನಡುವೆ ಸಣ್ಣದೊಂದು ಬೆಣೆ. ಅಲಗು ಮಡಚಿದಾಗ ಬದಿಗೆ ತಾಗದೆ ನಡುವೆ ನಿಲ್ಲುವುದು ಈ ಬೆಣೆಯ ಓರೆಯಿಂದ. ಹಿತ್ತಾಳೆಯ ಮೊಳೆಯನ್ನು ಹಗುರವಾಗಿ ಬಡಿದು ಕೂರಿಸಿ, ಮರಕ್ಕೆ ನೀರು ಇಳಿಯದಂತೆ ಅಗಸೆ ಎಣ್ಣೆ ಸವರಿದರೆ ಹಿಡಿ ಸಿದ್ಧ.

ಕೊನೆಯದು ಸಾಣೆ. ಅಲಗಿನ ಬೆನ್ನು ಮತ್ತು ಬಾಯಿ ಎರಡೂ ಕಲ್ಲಿಗೆ ತಾಗಿರಬೇಕು. ಕಲ್ಲಿನ ಮೇಲೆ ಬಾಯಿ ಮುಂದಾಗಿ, ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ಎಳೆಯುವುದು ಕ್ರಮ.

ಮನೆಯ ಟ್ರಂಕಿನಲ್ಲಿ ಅಜ್ಜನ ಕತ್ತಿಯಿದ್ದರೆ ಒಮ್ಮೆ ತೆಗೆದು ನೋಡಿ. ಸೆಲ್ಯುಲಾಯ್ಡ್ ಹಿಡಿ ಬಿರುಕುಬಿಟ್ಟು ಘಾಟು ವಾಸನೆ ಬರುತ್ತಿದ್ದರೆ ಅಲಗನ್ನು ಬೇಗನೆ ಅದರಿಂದ ಬಿಡಿಸಿ. ಹಿಡಿಯನ್ನು ಬೆಂಕಿಯಿಂದ ದೂರವಿಡಿ, ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುವ ವಸ್ತು. ಹಿಡಿಯನ್ನು ಎಂದಾದರೂ ಮಾಡಿಸಬಹುದು. ತಿಂದುಹೋದ ಅಲಗು ಮತ್ತೆ ಬಾರದು.