ದ್ವಿತೀಯ ಪಿಯುಸಿ: ಓದಿನಷ್ಟೇ ಮುಖ್ಯ ಕಾಗದಪತ್ರ

ಜೂನ್‌ನಲ್ಲಿ ಕಾಲೇಜು ಶುರುವಾದಾಗ ದ್ವಿತೀಯ ಪಿಯುಸಿ ವಿದ್ಯಾರ್ಥಿಗೆ ವಾರ್ಷಿಕ ಪರೀಕ್ಷೆ ಬಲು ದೂರದಲ್ಲಿದ್ದಂತೆ ತೋರುತ್ತದೆ. ದಸರಾ ರಜೆ ಮುಗಿದು ದೀಪಾವಳಿ ಬರುವ ಹೊತ್ತಿಗೆ ಜೆಇಇ ಮೇನ್ ಅರ್ಜಿ ಎದುರಿಗಿರುತ್ತದೆ. ಕಾನೂನು ಓದಬೇಕೆನ್ನುವವರ ಕ್ಲಾಟ್ ಪರೀಕ್ಷೆ ಡಿಸೆಂಬರ್‌ನಲ್ಲೇ ನಡೆದುಹೋಗುತ್ತದೆ. ಸಂಕ್ರಾಂತಿ ಕಳೆಯುತ್ತಿದ್ದಂತೆ ಸಿಇಟಿ ಅರ್ಜಿ, ಅದರ ಬೆನ್ನಿಗೇ ನೀಟ್. ಪೂರ್ವಸಿದ್ಧತಾ ಪರೀಕ್ಷೆ, ಪ್ರಾಯೋಗಿಕ ಪರೀಕ್ಷೆಗಳ ಗಡಿಬಿಡಿಯಲ್ಲೇ ಇವೆಲ್ಲ ಬಂದು ಬೀಳುತ್ತವೆ.

ಹೇಗೆ ಓದಬೇಕೆಂದು ಮಕ್ಕಳಿಗೆ ಹೇಳುವವರು ಬಹಳ ಮಂದಿ. ಅರ್ಜಿ, ಪ್ರಮಾಣಪತ್ರ, ಸೀಟು ಹಂಚಿಕೆಯ ಕ್ರಮ ತಿಳಿಸಿಕೊಡುವವರು ಕಡಿಮೆ. ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಮಗುವಿಗಂತೂ ಕೇಳಲು ಯಾರೂ ಇರುವುದಿಲ್ಲ. ಒಳ್ಳೆಯ ಅಂಕ ಬಂದೂ ಸಿಗಬೇಕಾದ ಸೀಟು ಕೈತಪ್ಪುವುದು ಇಲ್ಲೇ.

ಮೊದಲು ಅಂಕಗಳ ಲೆಕ್ಕ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಎಂಜಿನಿಯರಿಂಗ್ ರ‍್ಯಾಂಕ್ ಕೊಡುವಾಗ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಗೆ ಅರ್ಧ, ಸಿಇಟಿ ಅಂಕಗಳಿಗೆ ಅರ್ಧ ತೂಕ ಕೊಡುತ್ತದೆ. ಒಬ್ಬಳಿಗೆ ಪಿಯುಸಿಯಲ್ಲಿ ಶೇ 90, ಸಿಇಟಿಯಲ್ಲಿ ಶೇ 50 ಬಂತೆನ್ನೋಣ. ಇನ್ನೊಬ್ಬನಿಗೆ ಪಿಯುಸಿಯಲ್ಲಿ ಶೇ 80, ಸಿಇಟಿಯಲ್ಲಿ ಶೇ 60. ಇಬ್ಬರ ಒಟ್ಟು ಲೆಕ್ಕವೂ 70ಕ್ಕೇ ಬಂದು ನಿಲ್ಲುತ್ತದೆ. ಕಾಲೇಜಿಗೆ ಹೆಸರಿಗಷ್ಟೇ ಸೇರಿ ಇಡೀ ವರ್ಷ ಕೋಚಿಂಗ್ ಕೇಂದ್ರದಲ್ಲಿ ಕಳೆಯುವವರು ಈ ಅರ್ಧವನ್ನು ಮರೆತಿರುತ್ತಾರೆ. ವೈದ್ಯಕೀಯ ಸೀಟಿಗೆ ಮಾತ್ರ ನೀಟ್ ಅಂಕವೇ ಆಧಾರ. ಅಲ್ಲಿಯೂ ಪಿಯುಸಿ ಪಾಸಾಗದೆ ದಾರಿಯಿಲ್ಲ.

ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬಾರದು. ನೀಟ್‌ನ ರೀತಿಯೇ ಬೇರೆ: 180 ಪ್ರಶ್ನೆ, 720 ಅಂಕ, ತಪ್ಪಿದ ಪ್ರತಿ ಉತ್ತರಕ್ಕೂ ಒಂದು ಅಂಕ ಖೋತಾ. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಆದರೆ ಅರ್ಜಿ ತುಂಬುವಾಗಲೇ ಆ ಭಾಷೆಯನ್ನು ಆರಿಸಿಕೊಂಡಿರಬೇಕು. ಈ ಎರಡು ಪರೀಕ್ಷೆಗಳನ್ನೂ ಬರೆಯುವವರು ಎರಡಕ್ಕೂ ಬೇರೆ ಬೇರೆಯಾಗಿ, ಗಡಿಯಾರ ಮುಂದಿಟ್ಟುಕೊಂಡು ಅಭ್ಯಾಸ ಮಾಡಬೇಕು.

ಒಂದು ಸಮಾಧಾನದ ಸಂಗತಿಯೂ ಇದೆ. 2024ರಿಂದ ರಾಜ್ಯದಲ್ಲಿ ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ನಡೆಯುತ್ತಿವೆ. ಮೊದಲ ಪರೀಕ್ಷೆಯ ಅಂಕ ಸಾಲದು ಎನಿಸಿದ ವಿಷಯವನ್ನು ಮತ್ತೆ ಬರೆಯಬಹುದು. ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಫಲಿತಾಂಶದ ದಿನ ಎದೆಗುಂದುವ ಮಕ್ಕಳಿಗೆ ಹೆತ್ತವರು ಮೊದಲು ಹೇಳಬೇಕಾದ ಮಾತಿದು.

ಇನ್ನು ಕಾಗದಪತ್ರ. ರಾಯಚೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಒಂದರಿಂದ ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದ, ಪ್ರವರ್ಗ 2ಎಗೆ ಸೇರಿದ ಹುಡುಗಿಯೊಬ್ಬಳು ಇದ್ದಾಳೆಂದುಕೊಳ್ಳಿ. ಅವಳಿಗೆ ಜಾತಿಯ ಮೀಸಲಾತಿ ಉಂಟು. ಗ್ರಾಮೀಣ ವಿದ್ಯಾರ್ಥಿಗಳ ಶೇ 15ರಲ್ಲಿ, ಕನ್ನಡ ಮಾಧ್ಯಮದವರ ಶೇ 5ರಲ್ಲಿ ಪಾಲು ಉಂಟು. ಸಂವಿಧಾನದ 371ಜೆ ವಿಧಿಯಂತೆ ಕಲ್ಯಾಣ ಕರ್ನಾಟಕದವರಿಗೆ ಆ ಭಾಗದ ಕಾಲೇಜುಗಳಲ್ಲಿ ಶೇ 70, ಉಳಿದ ಕಡೆ ಶೇ 8 ಸೀಟುಗಳಿವೆ. ಅದಕ್ಕೂ ಅವಳು ಅರ್ಹಳು. ನಾಲ್ಕು ಹಕ್ಕುಗಳಿಗೂ ಆಧಾರ ಬೇರೆ ಬೇರೆ. ಜಾತಿ ಮತ್ತು ಆದಾಯದ ಪ್ರಮಾಣಪತ್ರ ತಹಶೀಲ್ದಾರರದ್ದು. ಗ್ರಾಮೀಣ, ಕನ್ನಡ ಮಾಧ್ಯಮದ ವ್ಯಾಸಂಗ ಪತ್ರಗಳು ಮುಖ್ಯೋಪಾಧ್ಯಾಯರು ಬರೆದುಕೊಟ್ಟು ಕ್ಷೇತ್ರ ಶಿಕ್ಷಣಾಧಿಕಾರಿ ರುಜು ಹಾಕಬೇಕಾದಂಥವು. 371ಜೆ ಅರ್ಹತಾ ಪತ್ರ ಉಪವಿಭಾಗಾಧಿಕಾರಿ ಕಚೇರಿಯಿಂದ ಬರಬೇಕು. ಅರ್ಜಿಯಲ್ಲಿ ಕೇಳದೆ ಬಿಟ್ಟ ಹಕ್ಕು ತಾನಾಗಿ ಬರುವುದಿಲ್ಲ.

ನಾಡಕಚೇರಿಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆಯನ್ನು ಪ್ರಾಧಿಕಾರ ಆನ್‌ಲೈನಿನಲ್ಲೇ ತಾಳೆ ನೋಡುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಜಾತಿ ಪತ್ರದಲ್ಲಿ ತಂದೆಯ ಹೆಸರಿನ ಕಾಗುಣಿತವೇ ಬೇರೆ ಎಂದಾದರೆ ತಕರಾರು ಶುರುವಾಗುತ್ತದೆ. ನಮ್ಮಲ್ಲಿ ಹೆಸರಿನ ಮುಂದೆ ಊರು, ತಂದೆಯ ಹೆಸರಿನ ಮೊದಲಕ್ಷರ ಸೇರಿಸುವ ರೂಢಿಯಿರುವುದರಿಂದ ಈ ತೊಡಕು ಮನೆಮನೆಯಲ್ಲೂ ಇದೆ. ತಿದ್ದುಪಡಿ ಒಂದೆರಡು ದಿನದಲ್ಲಿ ಆಗುವ ಕೆಲಸವಲ್ಲ. ಆದಾಯ ಪತ್ರದ ಅವಧಿ ಐದು ವರ್ಷ. ಎಂಟನೆಯ ತರಗತಿಯಲ್ಲಿ ವಿದ್ಯಾರ್ಥಿವೇತನಕ್ಕೆಂದು ಮಾಡಿಸಿದ್ದು ಸೀಟು ಹಂಚಿಕೆಯ ಹೊತ್ತಿಗೆ ಮುಗಿದಿರಬಹುದು. ಹೊಲ ಇರುವ ಕುಟುಂಬದ ಮಕ್ಕಳಿಗೆ ಕೃಷಿ ವಿಜ್ಞಾನದ ಪದವಿಗಳಲ್ಲಿ ಕೃಷಿಕರ ಕೋಟಾ ಇದೆ, ಅದಕ್ಕೆಂದೇ ಪ್ರಾಯೋಗಿಕ ಪರೀಕ್ಷೆಯೂ ಇದೆ. ಕಾಸರಗೋಡು, ಅಕ್ಕಲಕೋಟೆ, ಜತ್ತದಂಥ ಗಡಿನಾಡಿನ ಕನ್ನಡಿಗರೂ ಸಿಇಟಿ ಬರೆಯಬಹುದು; ಅವರು 50 ಅಂಕಗಳ ಕನ್ನಡ ಭಾಷಾ ಪರೀಕ್ಷೆಯಲ್ಲಿ ಕನಿಷ್ಠ 12 ಅಂಕ ಪಡೆಯಬೇಕು.

ರ‍್ಯಾಂಕ್ ಬಂದ ಮೇಲಿನ ಘಟ್ಟ ಆಪ್ಷನ್ ಎಂಟ್ರಿ. ಮಕ್ಕಳು ಅತಿ ಹೆಚ್ಚು ಎಡವುವುದು ಇಲ್ಲಿ. 'ನನ್ನ ರ‍್ಯಾಂಕಿಗೆ ಆ ಕಾಲೇಜು ಸಿಗಲಾರದು, ಸಿಗುವುದನ್ನೇ ಮೊದಲು ಹಾಕೋಣ' ಎಂಬ ಲೆಕ್ಕ ಪೂರಾ ತಪ್ಪು. ಕಂಪ್ಯೂಟರ್ ರ‍್ಯಾಂಕಿನ ಸರದಿಯಲ್ಲಿ ಒಬ್ಬೊಬ್ಬರ ಪಟ್ಟಿಯನ್ನೂ ಮೇಲಿನಿಂದ ನೋಡುತ್ತಾ ಬರುತ್ತದೆ. ಮೊದಲನೆಯದು ಇಲ್ಲದಿದ್ದರೆ ಎರಡನೆಯದು, ಅದೂ ಇಲ್ಲದಿದ್ದರೆ ಮೂರನೆಯದು. ಮೇಲೆ ಆಸೆಯ ಕಾಲೇಜನ್ನು ಬರೆದದ್ದರಿಂದ ಕೆಳಗಿನದ್ದು ತಪ್ಪುವುದಿಲ್ಲ. ಕೆಳಗಿರಬೇಕಾದದ್ದನ್ನು ಮೇಲೆ ಬರೆದರೆ ಮಾತ್ರ ಅದೇ ಕೊರಳಿಗೆ ಬೀಳುತ್ತದೆ. ನಿಜವಾಗಿ ಬೇಕಾದ ಕ್ರಮದಲ್ಲೇ, ಎಷ್ಟು ಬೇಕೋ ಅಷ್ಟು ಬರೆಯಬಹುದು. ಅಣಕು ಹಂಚಿಕೆ ಇರುವುದೇ ಪಟ್ಟಿಯನ್ನು ತಿದ್ದಿಕೊಳ್ಳಲಿಕ್ಕಾಗಿ.

ಸೀಟು ಬಂದ ಮೇಲೆ ನಾಲ್ಕು ದಾರಿಗಳು ಎದುರಿಗಿರುತ್ತವೆ. ಇದೇ ಸಾಕು, ಸೇರುತ್ತೇನೆ ಎಂಬುದು ಮೊದಲನೆಯದು. ಇದು ಇರಲಿ, ಇದಕ್ಕಿಂತ ಮೇಲಿನದು ಮುಂದಿನ ಸುತ್ತಿನಲ್ಲಿ ಸಿಕ್ಕೀತೇ ನೋಡುತ್ತೇನೆ ಎಂಬುದು ಎರಡನೆಯದು. ಮೂರನೆಯದರಲ್ಲಿ ಕೈಗೆ ಬಂದ ಸೀಟು ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ಕಾಯಬೇಕು. ನಾಲ್ಕನೆಯದೆಂದರೆ ಪ್ರಕ್ರಿಯೆಯಿಂದಲೇ ಹೊರನಡೆದಂತೆ. ಎರಡಕ್ಕೂ ಮೂರಕ್ಕೂ ಇರುವ ಅಂತರ ತಿಳಿಯದೆ ಗುಂಡಿ ಒತ್ತಿದರೆ ಕೈಯಲ್ಲಿದ್ದ ಸೀಟು ಹೋಗುತ್ತದೆ. ಈ ಕೆಲಸವನ್ನು ಸೈಬರ್ ಸೆಂಟರಿನವರ ಕೈಗೆ ಬಿಟ್ಟು ಬರುವವರಿಗೆ ಒಂದು ನೆನಪು: 2024ರ ಸೀಟ್ ಬ್ಲಾಕಿಂಗ್ ಹಗರಣದಲ್ಲಿ ದುರ್ಬಳಕೆಯಾದದ್ದು ಅಭ್ಯರ್ಥಿಗಳ ಲಾಗಿನ್ ವಿವರಗಳೇ. ಪಾಸ್‌ವರ್ಡ್, ಒಟಿಪಿಗಳು ವಿದ್ಯಾರ್ಥಿಯ ಬಳಿಯೇ ಇರಬೇಕು.

ಕಲಾ, ವಾಣಿಜ್ಯ ವಿಭಾಗದವರಿಗೆ ಈ ಗದ್ದಲ ತಮ್ಮದಲ್ಲ ಎನಿಸುವುದುಂಟು. ಅವರಿಗೂ ದಾರಿಗಳು ಹಲವು. ಬಿಎ, ಬಿಕಾಂ ಪ್ರವೇಶಕ್ಕೆ ರಾಜ್ಯದ ಯುಯುಸಿಎಂಎಸ್ ಜಾಲತಾಣವಿದೆ. ಸಿಎ ಫೌಂಡೇಶನ್ ಪರೀಕ್ಷೆಯನ್ನು ಪಿಯುಸಿ ಮುಗಿಸಿದವರು ಬರೆಯಬಹುದು. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ 2022ರಿಂದ ಸಿಯುಇಟಿ ನಡೆಯುತ್ತಿದೆ. ಕಲಬುರಗಿ ಬಳಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಬಾಗಿಲೂ ಹೀಗೇ ತೆರೆಯುತ್ತದೆ. ಇಂಥವು ಇವೆ ಎಂದು ತರಗತಿಯಲ್ಲಿ ಒಬ್ಬರಾದರೂ ಉಪನ್ಯಾಸಕರು ಹೇಳಬೇಕಷ್ಟೆ.

ಪ್ರತಿ ಪದವಿಪೂರ್ವ ಕಾಲೇಜೂ ಜುಲೈನಲ್ಲೇ ಒಂದು ಶನಿವಾರವನ್ನು ಇದಕ್ಕೆಂದು ಮೀಸಲಿಡಲಿ. ಅಂಕಪಟ್ಟಿ, ಆಧಾರ್, ಜಾತಿ-ಆದಾಯ ಪತ್ರ, ಹತ್ತು ವರ್ಷದ ವ್ಯಾಸಂಗ ಪತ್ರಗಳನ್ನು ಮಕ್ಕಳು ಅಂದು ತರಲಿ. ಹೆಸರು, ಅವಧಿ, ಸಹಿಗಳನ್ನು ಉಪನ್ಯಾಸಕರು ಜೊತೆಯಲ್ಲಿ ಕೂತು ನೋಡಲಿ. ತಿದ್ದಬೇಕಾದದ್ದೇನಾದರೂ ಇದ್ದರೆ ಮನೆಯವರು ದಸರೆಗೆ ಮೊದಲೇ ನಾಡಕಚೇರಿಗೆ ಹೋಗಿಬರಲಿ.