ಕೆರೆಯ ನೀರಿನ ಗುಣಾವಗುಣ

2024ನೆಯ ಇಸವಿಯ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರಸ್ಟ್ ಗೇಟು ಕೊಚ್ಚಿಕೊಂಡು ಹೋದಾಗ ಬಳ್ಳಾರಿ ಸೀಮೆಯಲ್ಲೆಲ್ಲ ಉಂಟಾದ ಕಳವಳವನ್ನು ವಾಚಕರು ಮರೆತಿರಲಾರರು. ಮಂತ್ರಿಗಳು ಧಾವಿಸಿ ಬಂದರು. ತಜ್ಞರು ಹಗಲಿರುಳು ದುಡಿದು ಒಂದು ವಾರದಲ್ಲಿ ಹರಿದು ಹೋಗುತ್ತಿದ್ದ ನೀರನ್ನು ತಡೆದು ನಿಲ್ಲಿಸಿದರು. ಅದು ಸ್ತುತ್ಯವಾದ ಕಾರ್ಯವೇ ಸರಿ. ಆದರೆ ಹೋದ ನೀರಿಗಾಗಿ ಅಷ್ಟು ಮರುಗಿದ ನಾವು, ಉಳಿದ ನೀರು ಎಂತಹುದೆಂಬುದನ್ನು ಎಂದಾದರೂ ಅಷ್ಟೇ ಆಸ್ಥೆಯಿಂದ ಕೇಳಿದ್ದೇವೆಯೆ? ಜಲಾಶಯದ ಮಟ್ಟವೆಷ್ಟು, ಒಳಹರಿವೆಷ್ಟು, ಹೊರಹರಿವೆಷ್ಟು ಎಂಬ ಲೆಕ್ಕವು ಮಳೆಗಾಲದಲ್ಲಿ ದಿನದಿನವೂ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಅದೇ ನೀರು ಊರ ಕೆರೆಯನ್ನು ಸೇರಿ ನಾಲ್ಕು ತಿಂಗಳು ನಿಂತ ಮೇಲೆ ಏನಾಯಿತೆಂಬ ಲೆಕ್ಕಕ್ಕೆ ಮಾತ್ರ ನಿತ್ಯದ ಸುದ್ದಿಯಲ್ಲಿ ಸ್ಥಾನವಿಲ್ಲ.

ಬಳ್ಳಾರಿಯು ಮಳೆ ಸಾಲದ ಸೀಮೆ. 1876ರಿಂದ 1878ರ ವರೆಗಿನ ಮಹಾಕ್ಷಾಮವು ಇಲ್ಲಿಯ ಜನರನ್ನು ಎಷ್ಟು ಬಾಧಿಸಿತೆಂಬುದು ಇತಿಹಾಸವನ್ನು ಬಲ್ಲವರಿಗೆ ತಿಳಿದೇ ಇದೆ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಕೈಗೂಡಿತು. ಅದೇ ವರ್ಷದ ಅಕ್ಟೋಬರ್ 1ರಂದು ಬಳ್ಳಾರಿಯು ಮದರಾಸನ್ನು ಬಿಟ್ಟು ಮೈಸೂರನ್ನು ಸೇರಿತು. ಅಂದಿನಿಂದ ಈ ಪ್ರಾಂತದ ಕೆರೆಗಳಲ್ಲಿ ಅನೇಕವು ಮೋಡದ ಮುಖವನ್ನು ನೋಡುವುದನ್ನು ಬಿಟ್ಟು ಕಾಲುವೆಯ ಮುಖವನ್ನು ನೋಡತೊಡಗಿದವು. ಬಳ್ಳಾರಿ ನಗರದ ಜನಸಂಖ್ಯೆಯು 2011ರ ಗಣತಿಯಲ್ಲಿಯೇ 4 ಲಕ್ಷವನ್ನು ಮೀರಿತ್ತು. ಅಲ್ಲೀಪುರ ಮತ್ತು ಮೋಕಾ ಕೆರೆಗಳು ಈ ನಗರದ ದಾಹವನ್ನು ತಣಿಸುವ ಆಸರೆಗಳು. ಕುರುಗೋಡು, ಸಿರುಗುಪ್ಪ ತಾಲ್ಲೂಕುಗಳ ಹಳ್ಳಿಗಳಲ್ಲಿಯೂ ಕಾಲುವೆ ಹರಿಯುವಾಗ ಕೆರೆಯನ್ನು ತುಂಬಿಕೊಂಡು, ಅದು ನಿಂತ ಮೇಲೆ ಬೇಸಗೆಯನ್ನು ಕಳೆಯುವುದು ರೂಢಿ. ಕೊಳವೆ ಬಾವಿಯನ್ನು ನೆಚ್ಚೋಣವೆಂದರೆ ಈ ಜಿಲ್ಲೆಯ ಅಂತರ್ಜಲದಲ್ಲಿ ಹಲವೆಡೆ ಫ್ಲೋರೈಡಿನ ದೋಷವಿದೆ. ಆದಕಾರಣ ಕೆರೆಯು ಕೆಟ್ಟರೆ ಇಲ್ಲಿಯವರಿಗೆ ಬೇರೆ ಗತಿಯಿಲ್ಲ.

ಆಳವಾದ ಜಲಾಶಯಕ್ಕೂ ಆಳವಿಲ್ಲದ ಕೆರೆಗೂ ಸ್ವಭಾವದಲ್ಲಿಯೇ ಭೇದವುಂಟು. ಆಳವಾದಲ್ಲಿ ತಳಕ್ಕಿಳಿದ ಕೊಳೆಯು ಬಹುಕಾಲ ಅಲ್ಲಿಯೇ ಅಡಗಿರಬಲ್ಲದು. ಎರಡಾಳುದ್ದದ ಕೆರೆಯಲ್ಲಿ ಹಾಗಲ್ಲ. ಗಾಳಿ ಬೀಸಿದಾಗಲೆಲ್ಲ ಹೂಳು ಕದಡಿ, ಅದರಲ್ಲಿ ಹುದುಗಿದ್ದ ಸಾರಜನಕ ಮತ್ತು ರಂಜಕಗಳು ಮತ್ತೆ ನೀರಿಗೆ ಬರುತ್ತವೆ. ಬಿಸಿಲು ಆಳದವರೆಗೆ ಇಳಿದು ಪಾಚಿಯನ್ನು ಬೆಳೆಸುತ್ತದೆ. ಬಳ್ಳಾರಿಯ ಬೇಸಗೆಯಲ್ಲಿ ಆವಿಯಾಗಿ ಹೋಗುವುದು ನೀರು ಮಾತ್ರ. ಉಪ್ಪೂ ಕೊಳೆಯೂ ಕೆರೆಯಲ್ಲಿಯೇ ಉಳಿದು ದಿನೇದಿನೇ ಸಾಂದ್ರವಾಗುತ್ತವೆ. ಅಕ್ಟೋಬರಿನಲ್ಲಿ ಯೋಗ್ಯವೆನಿಸಿದ ನೀರು ಮೇ ತಿಂಗಳಲ್ಲಿಯೂ ಯೋಗ್ಯವಾಗಿಯೇ ಇರುವುದೆಂದು ನಂಬಲು ಆಧಾರವಿಲ್ಲ.

ಕೊಳೆಯ ಮೂಲಗಳು ಹಲವು. ಭತ್ತದ ಕಣಜವೆಂದು ಹೆಸರಾದ ಸಿರುಗುಪ್ಪದ ಗದ್ದೆಗಳಿಗೂ ಕುರುಗೋಡಿನ ಮೆಣಸಿನಕಾಯಿ, ಹತ್ತಿಯ ಹೊಲಗಳಿಗೂ ಸುರಿದ ಗೊಬ್ಬರ, ಔಷಧಿಗಳಲ್ಲಿ ಪೈರು ಹೀರದೆ ಬಿಟ್ಟದ್ದು ಬಸಿಗಾಲುವೆ ಹಿಡಿದು ತಗ್ಗನ್ನು ಸೇರುತ್ತದೆ. ಊರಿನ ಚರಂಡಿಯು ಹಳ್ಳಕ್ಕೂ ಹಳ್ಳವು ಕೆರೆಗೂ ಕೂಡುತ್ತದೆ. ನಗರದ ಕೀರ್ತಿಯನ್ನು ದೂರದವರೆಗೆ ಒಯ್ದ ಜೀನ್ಸ್ ಉದ್ಯಮದಲ್ಲಿ ಬಟ್ಟೆಗೆ ಬಣ್ಣ ಕಟ್ಟಿ ತೊಳೆದ ನೀರು, ಶುದ್ಧಿಯಾಗದೆ ಹೊರಬಿದ್ದರೆ, ಬಣ್ಣವನ್ನೂ ಕ್ಷಾರವನ್ನೂ ಲವಣವನ್ನೂ ಹೊತ್ತು ಹರಿಯುತ್ತದೆ. ಸಾವಿರಾರು ಕುಟುಂಬಗಳಿಗೆ ಅನ್ನವಿತ್ತ ಉದ್ಯಮವನ್ನು ನಾವು ಹಳಿಯಹೊರಟಿಲ್ಲ. ಆದರೆ ಒಬ್ಬರ ಅನ್ನವು ಇನ್ನೊಬ್ಬರ ನೀರನ್ನು ಕೆಡಿಸಿ ದೊರೆಯಬೇಕಾಗಿಲ್ಲವೆಂಬುದನ್ನು ಉದ್ಯಮಿಗಳೇ ಮೊದಲು ಒಪ್ಪಬೇಕು.

ನೀರು ಕೆಟ್ಟಿತೋ ಇಲ್ಲವೋ ಎಂಬುದನ್ನು ಕಣ್ಣು, ಮೂಗು, ನಾಲಗೆಗಳು ಪೂರ್ತಿಯಾಗಿ ಹೇಳಲಾರವು. ನೈಟ್ರೇಟಿಗೆ ಬಣ್ಣವಿಲ್ಲ, ಫ್ಲೋರೈಡಿಗೆ ವಾಸನೆಯಿಲ್ಲ. ಭಾರತೀಯ ಮಾನಕದ ಮೇರೆಗೆ ಕುಡಿಯುವ ನೀರಿನಲ್ಲಿ ನೈಟ್ರೇಟು ಲೀಟರಿಗೆ 45 ಮಿಲಿಗ್ರಾಮನ್ನೂ, ಫ್ಲೋರೈಡು 1 ಮಿಲಿಗ್ರಾಮನ್ನೂ, ಬೇರೆ ಮೂಲವೇ ಇಲ್ಲದಲ್ಲಿ 1.5 ಮಿಲಿಗ್ರಾಮನ್ನೂ ಮೀರಕೂಡದು. ಶುದ್ಧೀಕರಿಸಿ ಊರಿಗೆ ಕೊಡಬಹುದಾದ ಕೆರೆಯ ನೀರಿನಲ್ಲಿ ಕರಗಿದ ಆಮ್ಲಜನಕವು ಲೀಟರಿಗೆ 4 ಮಿಲಿಗ್ರಾಮಿಗೆ ಕಡಮೆಯಿರದೆ, ಜೈವಿಕ ಆಮ್ಲಜನಕ ಬೇಡಿಕೆಯು 3 ಮಿಲಿಗ್ರಾಮಿಗೆ ಹೆಚ್ಚಿರದೆ, ಕೋಲಿಫಾರ್ಮ್ ಸೂಕ್ಷ್ಮಜೀವಿಗಳು 100 ಮಿಲಿಲೀಟರಿಗೆ 5000ವನ್ನು ದಾಟದೆ ಇರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ವಿಧಿಸಿದೆ.

ಆದರೆ ವರ್ಷಕ್ಕೊಮ್ಮೆ ದಡದಲ್ಲಿ ನಿಂತು ಒಂದು ಸೀಸೆ ನೀರನ್ನು ತುಂಬಿಕೊಂಡು ಹೋದರೆ ಅದು ಪರೀಕ್ಷೆಯಾಗದು. ಪಾಚಿ ತುಂಬಿದ ಕೆರೆಯಲ್ಲಿ ಮಧ್ಯಾಹ್ನ ಆಮ್ಲಜನಕವು ಹೇರಳವಾಗಿರುತ್ತದೆ. ರಾತ್ರಿ ಅದೇ ಪಾಚಿಯು ಅದನ್ನು ಹೀರಿ, ನಸುಕಿನಲ್ಲಿ ಮೀನುಗಳು ಉಸಿರುಗಟ್ಟಿ ತೇಲುವಂತಾಗುತ್ತದೆ. ಹನ್ನೆರಡು ಗಂಟೆಗೆ ಹೋದ ಪರೀಕ್ಷಕನು ಕೆರೆಯು ಕ್ಷೇಮವೆಂದು ಬರೆದು ಬರುವನು. ಅವನ ಅಂಕಿ ಸುಳ್ಳಲ್ಲ, ತೀರ್ಮಾನ ಮಾತ್ರ ತಪ್ಪು. ಆದುದರಿಂದ ನೀರು ಬರುವ ಬಾಯಿ, ಕೆರೆಯ ನಡು, ತೂಬು ಎಂಬ ಮೂರು ಸ್ಥಳಗಳಲ್ಲಿ, ನಸುಕಿನಲ್ಲಿಯೂ ಮಧ್ಯಾಹ್ನದಲ್ಲಿಯೂ, ತಿಂಗಳಿಗೊಮ್ಮೆಯಾದರೂ ಪರೀಕ್ಷೆ ನಡೆಯಬೇಕು. ಎಲ್ಲಕ್ಕೂ ದೊಡ್ಡ ಯಂತ್ರ ಬೇಕಿಲ್ಲ. 1865ರಲ್ಲಿ ಇಟಲಿಯ ಸೆಕ್ಕಿ ಎಂಬ ವಿದ್ವಾಂಸನು ಒಂದು ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ನೀರಿನಲ್ಲಿಳಿಸಿ, ಅದು ಕಾಣದಾಗುವ ಆಳದಿಂದ ತಿಳಿತನವನ್ನು ಅಳೆದನು. ಆ ಉಪಾಯವು ಇಂದಿಗೂ ಸಲ್ಲುತ್ತದೆ. ಅದಕ್ಕೆ ಬೇಕಾದುದು ತಟ್ಟೆ, ಹಗ್ಗ, ಮತ್ತು ತಪ್ಪದೆ ಬರೆಯುವ ಕೈ.

ನಗರದ ನೀರನ್ನು ಶೋಧಿಸಿ ಕ್ಲೋರಿನ್ ಹಾಕಿಯೇ ಕೊಡುತ್ತಾರಲ್ಲ, ಮತ್ತೇಕೆ ಈ ಆತಂಕವೆಂದು ಕೆಲವರು ಕೇಳಬಹುದು. ಕ್ಲೋರಿನ್ ರೋಗಾಣುಗಳನ್ನು ಕೊಲ್ಲುತ್ತದೆ. ಲವಣವನ್ನಾಗಲಿ ನೈಟ್ರೇಟನ್ನಾಗಲಿ ತೆಗೆಯದು. ಚೀನಾದೇಶದ ತೈಹು ಸರೋವರದ ಕಥೆಯು ಇಲ್ಲಿ ನೆನೆಯತಕ್ಕದ್ದು. ಅದು ವಿಸ್ತಾರದಲ್ಲಿ ಹಿರಿದಾದರೂ ಸರಾಸರಿ ಆಳವು ಸುಮಾರು ಎರಡು ಮೀಟರು ಮಾತ್ರ. ಅದರ ಸುತ್ತಲೂ ಭತ್ತದ ಗದ್ದೆಗಳು, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳು, ಬೆಳೆಯುವ ಪಟ್ಟಣಗಳು. 2007ರ ಮೇ ತಿಂಗಳ ಕೊನೆಯಲ್ಲಿ ನೀಲಿಹಸಿರು ಪಾಚಿಯು ಹಬ್ಬಿ ಕೊಳೆತು, ವೂಶಿ ನಗರದಲ್ಲಿ ಸುಮಾರು ಇಪ್ಪತ್ತು ಲಕ್ಷ ಜನರಿಗೆ ನಲ್ಲಿಯ ನೀರು ಮುಟ್ಟಲೂ ಬಾರದಂತಾಯಿತು. ಇಂತಹ ಪಾಚಿಗಳಲ್ಲಿ ಕೆಲವು ಹೊರಬಿಡುವ ವಿಷವು ನೀರನ್ನು ಕುದಿಸಿದರೂ ನಾಶವಾಗದು. ಗದ್ದೆ, ಬಣ್ಣ, ಪಟ್ಟಣ, ಆಳವಿಲ್ಲದ ನೀರು, ಈ ನಾಲ್ಕೂ ನಮ್ಮಲ್ಲಿಯೂ ಕೂಡಿವೆ ಎಂಬುದನ್ನು ನೆನಪಿಸುವುದಷ್ಟೇ ನಮ್ಮ ಉದ್ದೇಶ.

ಪರೀಕ್ಷಿಸಬಲ್ಲವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಬಳ್ಳಾರಿಯಲ್ಲಿ ವಿಶ್ವವಿದ್ಯಾಲಯವಿದೆ, ಕಾಲೇಜುಗಳಿವೆ. ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರವು 1937ರಷ್ಟು ಹಿಂದೆಯೇ, ಕಾಲುವೆ ಬರುವುದಕ್ಕೆ ಮೊದಲೇ, ಕಪ್ಪುನೆಲಕ್ಕೆ ನೀರು ಹಾಯಿಸಿದರೆ ಏನಾಗುವುದೆಂದು ವಿಚಾರಿಸಲು ಹುಟ್ಟಿದ ಸಂಸ್ಥೆ. ಅಂದು ನೀರು ನೆಲಕ್ಕೆ ಮಾಡುವುದನ್ನು ನೋಡಿದಂತೆ, ಇಂದು ನೆಲವು ನೀರಿಗೆ ಮಾಡುವುದನ್ನೂ ನೋಡಬೇಕು. ಕಾಲುವೆಯಲ್ಲಿ ಹೊಸದಾಗಿ ಬರುವ ಮೊದಲ ಕೊಳೆನೀರನ್ನು ಕೆರೆಗೆ ಬಿಡದಿರುವುದು, ಬಸಿನೀರನ್ನು ದೂರ ತಿರುಗಿಸುವುದು, ಕೆರೆಯ ಬಾಯಲ್ಲಿ ಜೊಂಡು ಹುಲ್ಲಿನ ಪಟ್ಟಿಯನ್ನು ಉಳಿಸುವುದು, ಇವು ಪಂಚಾಯತಿಯ ಶಕ್ತಿಗೆ ಮೀರಿದ ಕೆಲಸಗಳಲ್ಲ.

ಫಲಿತಾಂಶವನ್ನು ಪ್ರಕಟಿಸಿದರೆ ಜನ ಬೆದರುವರೆಂಬ ಮಾತು ಅಧಿಕಾರಿವರ್ಗದಲ್ಲಿ ಆಗಾಗ ಕೇಳಿಬರುವುದುಂಟು. ನಮ್ಮ ಪೂರ್ವಿಕರು ಹೀಗೆ ಬೆದರಲಿಲ್ಲ. ವಿಜಯನಗರದ ರಾಜಕುಮಾರ ಭಾಸ್ಕರನು ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ 1369ರ ಶಾಸನದಲ್ಲಿ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ತಗಲುವ ಆರು ದೋಷಗಳನ್ನೂ ಕೆತ್ತಿಸಲಾಗಿದೆ. ಸವಳು ನೆಲವು ಆ ದೋಷಗಳಲ್ಲೊಂದು. ದೋಷಗಳನ್ನು ಎಲ್ಲರೂ ಓದುವಂತೆ ಕಲ್ಲಿನ ಮೇಲೆ ಬರೆಯಿಸಿದ ನಾಡಿನವರು ನಾವು. ಕಲ್ಲು ಬೇಡ, ಪ್ರತಿಯೊಂದು ಕುಡಿಯುವ ನೀರಿನ ಕೆರೆಯ ಏರಿಯ ಮೇಲೆ ಒಂದು ಹಲಗೆ ಸಾಕು. ಪರೀಕ್ಷೆಯ ದಿನ, ಕಂಡ ಅಂಕಿ, ಇರಬೇಕಾದ ಅಂಕಿ, ಇಷ್ಟನ್ನು ಕನ್ನಡದಲ್ಲಿ ತಿಂಗಳು ತಿಂಗಳೂ ಬರೆಯಲಿ. ಕೊಡ ಹೊತ್ತು ಬರುವ ತಾಯಂದಿರಿಗೆ ತಾವು ಮಕ್ಕಳಿಗೆ ಕುಡಿಸುವುದು ಏನೆಂದು ತಿಳಿಯುವ ಹಕ್ಕುಂಟು. ಮಹಾನಗರ ಪಾಲಿಕೆಯೂ ಜಿಲ್ಲಾ ಪಂಚಾಯತಿಯೂ ಬರುವ ಬೇಸಗೆಗೆ ಮೊದಲು ಈ ಕಾರ್ಯಕ್ಕೆ ಕೈಹಾಕುವುದೆಂದು ನಾವು ಆಶಿಸುತ್ತೇವೆ.