ಸಿಗ್ನಲ್ ಹೋದ ದೋಣಿ ಏಕೆ ನಿಲ್ಲಲಿಲ್ಲ?

ಬೋಧನಾಭ್ಯಾಸದ ಎರಡನೆಯ ವಾರ ಒಂಬತ್ತನೆಯ ತರಗತಿಯ ವಿಜ್ಞಾನ ಸಂಘದ ಚಟುವಟಿಕೆಗೆಂದು ನಾನು ಒಂದು ರಿಮೋಟ್ ದೋಣಿ ಮಾಡಿಕೊಂಡು ಹೋಗಿದ್ದೆ. ಥರ್ಮಾಕೋಲಿನ ಒಡಲು, ಎರಡು ಸಣ್ಣ ಮೋಟಾರು, ಎರಡು ಪ್ಲಾಸ್ಟಿಕ್ ಪ್ರೊಪೆಲ್ಲರ್, ಬಿ.ಎಸ್ಸಿ. ಕೊನೆಯ ವರ್ಷದ ಪ್ರಾಜೆಕ್ಟಿನಿಂದ ಉಳಿದಿದ್ದ 433 ಮೆಗಾಹರ್ಟ್ಸ್ ರೇಡಿಯೊ ಜೋಡಿ. ಶಾಲೆಯ ಹಿಂದೆಯೇ ಕೆರೆ. ‘ಬಲ ಮತ್ತು ಚಲನೆಯ ನಿಯಮಗಳು’ ಘಟಕಕ್ಕೆ ಇದಕ್ಕಿಂತ ಒಳ್ಳೆಯ ಪಾಠೋಪಕರಣ ಸಿಗದು ಎಂದುಕೊಂಡಿದ್ದೆ.

ಸುಮಾರು ಮೂವತ್ತು ಮೀಟರ್ ದೂರದವರೆಗೆ ದೋಣಿ ಹೇಳಿದ ಮಾತು ಕೇಳಿತು. ಆಮೇಲೆ ಕೇಳಲಿಲ್ಲ. ‘ಮುಂದೆ’ ಗುಂಡಿಯಿಂದ ಬೆರಳು ತೆಗೆದರೂ ಅದು ಮುಂದೆಯೇ ಹೋಗುತ್ತಿತ್ತು. ರಿಮೋಟನ್ನು ತಲೆಯ ಮೇಲೆ ಎತ್ತಿ ಹಿಡಿದೆ, ಬ್ಯಾಟರಿ ತಟ್ಟಿದೆ. ದೋಣಿ ತಾವರೆ ಬಳ್ಳಿಗಳ ಕಡೆಗೆ ನೆಟ್ಟಗೆ ಸಾಗಿತು. ಅಷ್ಟರಲ್ಲಿ ಒಬ್ಬ ಹುಡುಗ, “ನಾನು ತರ್ತೀನಿ ಮಿಸ್” ಎಂದವನೇ ಪ್ಯಾಂಟು ಮಡಚಿ ನೀರಿಗಿಳಿದ. ಮೊಣಕಾಲಿನ ನೀರು ನಾಲ್ಕೇ ಹೆಜ್ಜೆಯಲ್ಲಿ ಸೊಂಟಕ್ಕೆ ಬಂತು. ಮಾರ್ಗದರ್ಶಕ ಶಿಕ್ಷಕರು ಕೂಗಿದ ಕೂಗಿಗೆ ಅವನು ಹಿಂದಿರುಗಿದ. ಆ ಕೆರೆಯಲ್ಲಿ ಬೇಸಿಗೆಯಲ್ಲಿ ಗೋಡುಮಣ್ಣು ತೆಗೆದ ಗುಂಡಿಗಳಿವೆ ಎಂದು ಅವರು ಹೇಳಿದಾಗಲೇ ನನಗೆ ಗೊತ್ತಾದದ್ದು. ಅವತ್ತು ಸಂಜೆ ಪ್ರತಿಫಲನ ದಿನಚರಿಯ ‘ಪಾಠದ ಸಫಲತೆ’ ಎಂಬ ಕಲಮನ್ನು ಖಾಲಿ ಬಿಟ್ಟೆ.

ಮರುದಿನ ತರಗತಿಯಲ್ಲಿ ಅದನ್ನೇ ಪ್ರಶ್ನೆಯಾಗಿಸಿದೆ: ಸಿಗ್ನಲ್ ಹೋದ ಮೇಲೆ ದೋಣಿ ನಿಲ್ಲಬೇಕಿತ್ತಲ್ಲ, ಏಕೆ ನಿಲ್ಲಲಿಲ್ಲ? ಗಾಳಿ ತಳ್ಳಿತು ಎಂದರು ಕೆಲವರು. ಜಡತ್ವ ಎಂದ ಒಬ್ಬ. ಪಾಠ ಓದಿ ಬಂದಿದ್ದನೆಂದು ಸಂತೋಷವಾಯಿತು, ಆದರೆ ಉತ್ತರ ಅದಲ್ಲ. ಜಡತ್ವದಿಂದ ಸಾಗುವ ದೋಣಿಯನ್ನು ನೀರಿನ ರೋಧ ಕೆಲವೇ ಮೀಟರಿನಲ್ಲಿ ನಿಲ್ಲಿಸುತ್ತದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: “ಸಿಗ್ನಲ್ ಹೋದ್ರೆ ನಿಲ್ಲು ಅಂತ ಅದಕ್ಕೆ ಯಾರು ಹೇಳಿದ್ರು ಮಿಸ್?”

ನಾನು ಹೇಳಿರಲಿಲ್ಲ. ಈ ಲೇಖನದ ವಿಷಯವೆಲ್ಲ ಆ ಪ್ರಶ್ನೆಯೊಳಗೇ ಇದೆ.

ಮಕ್ಕಳ ಮನಸ್ಸಿನಲ್ಲಿ (ನನ್ನ ಮನಸ್ಸಿನಲ್ಲೂ) ಇದ್ದ ತಪ್ಪು ಕಲ್ಪನೆ ಏನೆಂದರೆ, ರಿಮೋಟು ದೋಣಿಯನ್ನು ಕಾಣದ ಹಗ್ಗದಿಂದ ಎಳೆಯುತ್ತದೆ, ಹಗ್ಗ ಕಡಿದರೆ ದೋಣಿ ನಿಲ್ಲುತ್ತದೆ ಎಂಬುದು. ರಿಮೋಟು ಕಳಿಸುವುದು ಶಕ್ತಿಯನ್ನಲ್ಲ, ಸಂದೇಶವನ್ನು. ಶಕ್ತಿ ದೋಣಿಯ ಬ್ಯಾಟರಿಯಲ್ಲೇ ಇದೆ. ಪಂಪ್‌ಸೆಟ್ ಹಾಕಿ ಊರಿಗೆ ಹೋದ ರೈತನ ಉದಾಹರಣೆ ಕೊಟ್ಟೆ. ಅವನು ಬಸ್ಸು ಹತ್ತಿದ ಎಂದು ಮೋಟಾರು ನಿಲ್ಲುವುದಿಲ್ಲ, ಗದ್ದೆ ತುಂಬಿ ಬದು ಒಡೆಯುತ್ತದೆ. ‘ನಿಲ್ಲು’ ಎನ್ನುವುದು ಒಂದು ಆಜ್ಞೆ. ‘ಯಾವ ಆಜ್ಞೆಯೂ ಬರುತ್ತಿಲ್ಲ’ ಎನ್ನುವುದು ಬೇರೆಯೇ ಸ್ಥಿತಿ. ಆ ಸ್ಥಿತಿಯಲ್ಲಿ ಏನು ಮಾಡಬೇಕೆಂದು ಯಂತ್ರಕ್ಕೆ ಮೊದಲೇ ಹೇಳಿಟ್ಟಿರಬೇಕು. ಇದಕ್ಕೆ ಫೇಲ್‌ಸೇಫ್ ಎನ್ನುತ್ತಾರೆ. ಕೆಟ್ಟಾಗಲೂ ಸುರಕ್ಷಿತ ಸ್ಥಿತಿಗೆ ಬರುವ ಏರ್ಪಾಡು ಎಂದು ಮಕ್ಕಳಿಗೆ ಬಿಡಿಸಿ ಹೇಳಿದೆ.

ರೈಲಿನ ಬ್ರೇಕು ಇದಕ್ಕೆ ಒಳ್ಳೆಯ ಉದಾಹರಣೆ. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ ಮೊದಲು ಮಾಡಿದ ಬ್ರೇಕಿನಲ್ಲಿ ಕೊಳವೆಗೆ ಗಾಳಿಯ ಒತ್ತಡ ಕೊಟ್ಟರೆ ಬ್ರೇಕು ಹಿಡಿಯುತ್ತಿತ್ತು. ಕೊಳವೆ ಒಡೆದರೆ ಬ್ರೇಕೇ ಇಲ್ಲ. 1872ರಲ್ಲಿ ಅವರು ಅದನ್ನು ತಲೆಕೆಳಗು ಮಾಡಿದರು: ಕೊಳವೆಯಲ್ಲಿ ಒತ್ತಡ ಇರುವವರೆಗೆ ಬ್ರೇಕು ಬಿಟ್ಟಿರುತ್ತದೆ, ಒತ್ತಡ ಹೋದರೆ ಹಿಡಿಯುತ್ತದೆ. ಬೋಗಿ ಕಳಚಿ ಕೊಳವೆ ಹರಿದರೆ ಆ ಹರಿದದ್ದೇ ‘ನಿಲ್ಲು’ ಎಂಬ ಆಜ್ಞೆಯಾಗುತ್ತದೆ. ನನ್ನ ದೋಣಿ ಮೊದಲನೆಯ ಜಾತಿಯದು.

ಈಗ ನನ್ನ ಮಂಡಲದ ವಿಚಾರ. ನಮ್ಮಲ್ಲಿ ಎಷ್ಟೋ ಜನ ವಿಜ್ಞಾನ ಮಾದರಿಗಳಿಗೆ ಇದೇ ಬಿಡಿಭಾಗಗಳನ್ನು ಬಳಸುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ರಿಮೋಟಿನಲ್ಲಿ ಎಚ್‌ಟಿ12ಇ ಎಂಬ ಎನ್‌ಕೋಡರ್ ಐಸಿ, ದೋಣಿಯಲ್ಲಿ ಎಚ್‌ಟಿ12ಡಿ ಎಂಬ ಡಿಕೋಡರ್, ಮೋಟಾರಿಗೆ ಎಲ್293ಡಿ. ಎನ್‌ಕೋಡರ್ ಎಂಟು ಬಿಟ್ ವಿಳಾಸ ಮತ್ತು ನಾಲ್ಕು ಬಿಟ್ ದತ್ತಾಂಶವನ್ನು ಮತ್ತೆ ಮತ್ತೆ ಕಳಿಸುತ್ತದೆ. ಡಿಕೋಡರ್ ಅದನ್ನು ಸತತ ಮೂರು ಸಲ ತಾಳೆ ನೋಡಿ, ವಿಳಾಸ ಸರಿಯಿದ್ದರೆ ಮಾತ್ರ ದತ್ತಾಂಶವನ್ನು ತನ್ನ ನಾಲ್ಕು ಕಾಲುಗಳಿಗೆ ಕೊಡುತ್ತದೆ. ಆದ್ದರಿಂದ ಗಾಳಿಯಲ್ಲಿರುವ ರೇಡಿಯೊ ಗದ್ದಲದಿಂದ ದೋಣಿ ತಪ್ಪಾಗಿ ಓಡುವ ಸಂಭವ ಕಡಿಮೆ. ಆದರೆ ಒಂದು ಸಂಗತಿಯನ್ನು ನಾನು ಡೇಟಾಶೀಟಿನಲ್ಲಿ ಓದಿಯೂ ಗಮನಿಸಿರಲಿಲ್ಲ: ಆ ನಾಲ್ಕು ಕಾಲುಗಳು ಕೊನೆಯ ದತ್ತಾಂಶವನ್ನು ಹಿಡಿದಿಟ್ಟುಕೊಳ್ಳುತ್ತವೆ, ಅಂದರೆ ಲ್ಯಾಚ್ ಆಗಿರುತ್ತವೆ. ಹೊಸ ದತ್ತಾಂಶ ಬರುವವರೆಗೆ ಹಳೆಯದೇ ಜಾರಿಯಲ್ಲಿರುತ್ತದೆ. ಗುಂಡಿ ಬಿಟ್ಟಾಗ ‘ಗುಂಡಿ ಬಿಟ್ಟಿದ್ದಾರೆ’ ಎಂಬ ಹೊಸ ದತ್ತಾಂಶ ಹೋಗಬೇಕು, ಆಗ ಮೋಟಾರು ನಿಲ್ಲುತ್ತದೆ. ಮೂವತ್ತು ಮೀಟರಿನಲ್ಲಿ ಆ ದತ್ತಾಂಶ ತಲುಪಲೇ ಇಲ್ಲ. ದೋಣಿಯ ನೆನಪಿನಲ್ಲಿ ಉಳಿದದ್ದು ‘ಮುಂದೆ’ ಒಂದೇ.

ಪರಿಹಾರ ಅದೇ ಐಸಿಯಲ್ಲಿದೆ. ಹದಿನೇಳನೆಯ ಕಾಲಿನ ಹೆಸರು ವಿಟಿ. ಸರಿಯಾದ ಸಂಕೇತ ಬರುತ್ತಿರುವಾಗ ಮಾತ್ರ ಅದು 5 ವೋಲ್ಟಿನ ಮಟ್ಟದಲ್ಲಿರುತ್ತದೆ, ನಿಂತರೆ ಸೊನ್ನೆಗೆ ಇಳಿಯುತ್ತದೆ. ಸಾಮಾನ್ಯವಾಗಿ ನಾವು ಅದಕ್ಕೊಂದು ಎಲ್‌ಇಡಿ ಹಾಕಿ ‘ಸಿಗ್ನಲ್ ಇದೆ’ ಎಂದು ತೋರಿಸಿ ಸುಮ್ಮನಾಗುತ್ತೇವೆ. ನಾನು ಮಾಡಿದ್ದೂ ಅಷ್ಟೇ. ಆ ಎಲ್‌ಇಡಿ ಕೆರೆಯ ನಡುವೆ ಆರಿಹೋದದ್ದನ್ನು ಯಾರು ನೋಡಬೇಕು? ಎಲ್293ಡಿಯಲ್ಲಿ ಎನೇಬಲ್ ಎಂಬ ಎರಡು ಕಾಲುಗಳಿವೆ, ಒಂದನೆಯದು ಮತ್ತು ಒಂಬತ್ತನೆಯದು. ನಾನು ಅವನ್ನು ನೇರವಾಗಿ 5 ವೋಲ್ಟಿಗೆ ಜೋಡಿಸಿದ್ದೆ, ಅಂದರೆ ಮೋಟಾರಿಗೆ ಸದಾ ಅನುಮತಿ. ಅವನ್ನು ಬಿಡಿಸಿ ವಿಟಿಗೆ ಜೋಡಿಸಿದರೆ, ಸಂಕೇತ ಇರುವಷ್ಟು ಹೊತ್ತು ಮಾತ್ರ ಅನುಮತಿ.

ನೇರವಾಗಿ ಜೋಡಿಸಿದಾಗ ಇನ್ನೊಂದು ತೊಂದರೆ ಕಂಡಿತು. ಸಂಕೇತ ಕ್ಷಣಕಾಲ ತಪ್ಪಿದರೂ ಮೋಟಾರು ಬಿಕ್ಕಳಿಸುತ್ತದೆ. ಅದಕ್ಕೆ ನಡುವೆ ಒಂದು ಡಯೋಡ್ ಹಾಕಿ, ಅದರ ಆಚೆ ಬದಿಯಿಂದ ಭೂತಂತಿಗೆ 47 ಮೈಕ್ರೊಫ್ಯಾರಡ್ ಕೆಪಾಸಿಟರ್ ಮತ್ತು 22 ಕಿಲೊಓಮ್ ರೋಧಕವನ್ನು ಸಮಾಂತರವಾಗಿ ಕೊಟ್ಟೆ. ಎರಡನ್ನೂ ಗುಣಿಸಿದರೆ ಸುಮಾರು ಒಂದು ಸೆಕೆಂಡ್. ಸಣ್ಣ ತಡೆಗಳನ್ನು ಕೆಪಾಸಿಟರ್ ನುಂಗಿಕೊಳ್ಳುತ್ತದೆ, ಒಂದು ಸೆಕೆಂಡಿನ ಮೇಲೂ ಸುದ್ದಿ ಬಾರದಿದ್ದರೆ ಮೋಟಾರು ನಿಲ್ಲುತ್ತದೆ. ಆರ್ಡುಯಿನೊ ಬಳಸುವವರು ಇದನ್ನೇ ಪ್ರೋಗ್ರಾಮಿನಲ್ಲಿ ಮಾಡಬಹುದು: ಕೊನೆಯ ಸಂದೇಶ ಬಂದ ವೇಳೆಯನ್ನು ಬರೆದಿಟ್ಟು, ಈಗಿನ ವೇಳೆಯಿಂದ ಕಳೆದು, ವ್ಯತ್ಯಾಸ ಮಿತಿ ಮೀರಿದರೆ ಮೋಟಾರನ್ನು ಸೊನ್ನೆ ಮಾಡುವುದು.

ಅಂಗಡಿಯಲ್ಲಿ ಸಿಗುವ ಹವ್ಯಾಸಿ ದೋಣಿಗಳಲ್ಲೂ ಪ್ರಶ್ನೆ ಇದೇ. ಅವುಗಳ ರಿಸೀವರ್ ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಮ್ಮೆ ಒಂದು ಸ್ಪಂದನ ಕೊಡುತ್ತದೆ. ಅದರ ಅಗಲ 1ರಿಂದ 2 ಮಿಲಿಸೆಕೆಂಡ್, 1.5 ಎಂದರೆ ನಡುಸ್ಥಾನ. ಸಂಕೇತ ಹೋದಾಗ ಕೆಲವು ರಿಸೀವರುಗಳು ಕೊನೆಯ ಸ್ಪಂದನವನ್ನೇ ಮುಂದುವರಿಸುತ್ತವೆ, ಕೆಲವು ಸ್ಪಂದನವನ್ನೇ ನಿಲ್ಲಿಸುತ್ತವೆ, ಕೆಲವು ನಾವು ಮೊದಲೇ ಹೇಳಿಟ್ಟ ಸ್ಥಾನಕ್ಕೆ ಹೋಗುತ್ತವೆ. ಮೊದಲನೆಯದು ದೋಣಿಗೆ ಸಲ್ಲ. ಎರಡನೆಯದರಲ್ಲಿ ಹೆಚ್ಚಿನ ಎಲೆಕ್ಟ್ರಾನಿಕ್ ವೇಗ ನಿಯಂತ್ರಕಗಳು ಮೋಟಾರನ್ನು ತಾವೇ ನಿಲ್ಲಿಸುತ್ತವೆ. ಮೂರನೆಯದು ಉತ್ತಮ, ಆದರೆ ಅದರಲ್ಲೊಂದು ಬಲೆಯಿದೆ. ಹಲವು ರಿಸೀವರುಗಳು ರಿಮೋಟಿನೊಡನೆ ಜೋಡಿಸುವ, ಅಂದರೆ ಬೈಂಡ್ ಮಾಡುವ ಕ್ಷಣದಲ್ಲಿ ಕಡ್ಡಿ ಎಲ್ಲಿತ್ತೋ ಅದನ್ನೇ ಸುರಕ್ಷಿತ ಸ್ಥಾನವೆಂದು ನೆನಪಿಡುತ್ತವೆ. ಆ ಹೊತ್ತಿಗೆ ಥ್ರಾಟಲ್ ಪೂರ್ತಿ ಮೇಲಿದ್ದರೆ, ಸಂಕೇತ ಹೋದೊಡನೆ ದೋಣಿ ಪೂರ್ತಿ ವೇಗದಲ್ಲಿ ಓಡುತ್ತದೆ!

ಪೆಟ್ರೋಲ್ ಎಂಜಿನಿನ ದೋಣಿಗಳ ವಿಚಾರ ಇನ್ನೂ ಸೂಕ್ಷ್ಮ. ಅಲ್ಲಿ ರಿಸೀವರಿನ ಬ್ಯಾಟರಿ ಸತ್ತರೂ ಎಂಜಿನ್ ಓಡುತ್ತಲೇ ಇರುತ್ತದೆ, ಏಕೆಂದರೆ ಅದಕ್ಕೆ ಇಂಧನವೇ ಬೇರೆ. ಆದ್ದರಿಂದ ಕಾರ್ಬ್ಯುರೇಟರನ್ನು ಮುಚ್ಚುವ ಕಡೆಗೆ ಎಳೆಯುವ ಸ್ಪ್ರಿಂಗ್ ಹಾಕುತ್ತಾರೆ. ಸ್ಪ್ರಿಂಗಿಗೆ ಬ್ಯಾಟರಿ ಬೇಡ.

ಮೂವತ್ತು ಮೀಟರಿಗೇ ಸಂಕೇತ ಹೋದದ್ದೇಕೆ? ಶಾಲೆಯ ಮೈದಾನದಲ್ಲಿ ಅದು ಐವತ್ತು ಮೀಟರಿಗೂ ಕೆಲಸ ಮಾಡಿತ್ತು. ತಪ್ಪು ನನ್ನದೇ. ಅಂದವಾಗಿ ಕಾಣಲೆಂದು ಆಂಟೆನಾ ತಂತಿಯನ್ನು ಒಡಲಿನ ತಳದಲ್ಲಿ ಮಲಗಿಸಿದ್ದೆ, ನೀರಿನ ಮಟ್ಟಕ್ಕೆ ಸಮನಾಗಿ. ನೀರು ರೇಡಿಯೊ ತರಂಗಗಳನ್ನು ಹೀರುತ್ತದೆ. ಜೊತೆಗೆ ನೀರಿನ ಮೇಲ್ಮೈಗೆ ತೀರ ಹತ್ತಿರವಿರುವ ಆಂಟೆನಾದಲ್ಲಿ ನೇರವಾಗಿ ಬಂದ ತರಂಗವೂ ನೀರಿನಿಂದ ಪ್ರತಿಫಲಿಸಿ ಬಂದದ್ದೂ ಬಹುಪಾಲು ಒಂದನ್ನೊಂದು ಅಳಿಸಿಬಿಡುತ್ತವೆ. 433 ಮೆಗಾಹರ್ಟ್ಸಿಗೆ ತರಂಗಾಂತರ ಸುಮಾರು 69 ಸೆಂ.ಮೀ., ಅದರ ಕಾಲು ಭಾಗ ಸುಮಾರು 17 ಸೆಂ.ಮೀ. ಅಷ್ಟು ಉದ್ದದ ತಂತಿಯನ್ನು ಒಂದು ಸ್ಟ್ರಾದೊಳಗೆ ತೂರಿಸಿ ಧ್ವಜಸ್ತಂಭದಂತೆ ನಿಲ್ಲಿಸಿದೆವು. ತುದಿಗೆ ಮಕ್ಕಳು ಬಾವುಟವನ್ನೂ ಅಂಟಿಸಿದರು.

ದೂರನಿಯಂತ್ರಿತ ದೋಣಿ ಹೊಸದೇನಲ್ಲ. ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನೀರಿನ ತೊಟ್ಟಿಯಲ್ಲಿ ಅಂಥದ್ದನ್ನು ಓಡಿಸಿ ತೋರಿಸಿದ್ದರು. ತೊಟ್ಟಿ ಎಂಬುದನ್ನು ಗಮನಿಸಿ. ನಾನು ನೇರವಾಗಿ ಕೆರೆಗೇ ಹೋಗಿದ್ದೆ.

ಎರಡನೆಯ ಪಾಠ ಶಾಲೆಯ ಜಗಲಿಯಲ್ಲಿ ನಡೆಯಿತು. ದೋಣಿಯನ್ನು ಎರಡು ಇಟ್ಟಿಗೆಗಳ ಮೇಲಿಟ್ಟು, ಪ್ರೊಪೆಲ್ಲರ್ ಗಾಳಿಯಲ್ಲಿ ತಿರುಗುವಂತೆ ಮಾಡಿದೆವು. ಒಬ್ಬ ‘ಮುಂದೆ’ ಗುಂಡಿ ಒತ್ತಿ ಹಿಡಿಯಬೇಕು, ಇನ್ನೊಬ್ಬ ರಿಮೋಟಿನ ಸ್ವಿಚ್ಚನ್ನೇ ಆರಿಸಬೇಕು, ಉಳಿದವರು ಎಣಿಸಬೇಕು. ಗುಂಡಿ ಬಿಟ್ಟು ನೋಡುವುದು ಪರೀಕ್ಷೆಯಲ್ಲ, ಆಗ ಹೊಸ ದತ್ತಾಂಶ ಹೋಗಿಬಿಡುತ್ತದೆ. ಮೊದಲ ಸಲ ಎಡ ಮೋಟಾರು ನಿಂತಿತು, ಬಲದ್ದು ತಿರುಗುತ್ತಲೇ ಇತ್ತು. ನಾನು ಒಂದನೆಯ ಕಾಲನ್ನು ಜೋಡಿಸಿ ಒಂಬತ್ತನೆಯದನ್ನು ಮರೆತಿದ್ದೆ. ನೀರಿನಲ್ಲಾಗಿದ್ದರೆ ದೋಣಿ ಬುಗುರಿಯಂತೆ ಸುತ್ತುತ್ತಿತ್ತು. ಸರಿಪಡಿಸಿದ ಮೇಲೆ ಎರಡು ಎಣಿಸುವಷ್ಟರಲ್ಲಿ ಎರಡೂ ನಿಂತವು. ಹತ್ತು ಸಲ ಮಾಡಿದೆವು.

ನಿಂತ ದೋಣಿ ತಾನಾಗಿ ದಡಕ್ಕೆ ಬರುವುದಿಲ್ಲ ಎಂಬುದನ್ನೂ ಚರ್ಚಿಸಿದೆವು. ಗಾಳಿ ಯಾವ ದಡದ ಕಡೆಗೆ ಬೀಸುತ್ತಿದೆಯೋ ಆ ದಡದಿಂದ ಬಿಟ್ಟರೆ, ನಿಂತದ್ದು ತೇಲುತ್ತಾ ನಮ್ಮ ಕಡೆಗೇ ಬರುತ್ತದೆ. ಇದನ್ನು ಹೇಳಿದವನು ನೀರಿಗಿಳಿದಿದ್ದ ಹುಡುಗನೇ. ಅವನ ತಂದೆ ಮೀನು ಹಿಡಿಯುತ್ತಾರೆ. ಯಾವ ಕಾರಣಕ್ಕೂ ಮಕ್ಕಳು ನೀರಿಗಿಳಿಯಬಾರದು ಎಂಬುದನ್ನು ಪಾಠಯೋಜನೆಯ ಮೊದಲ ಸಾಲಾಗಿ ಬರೆದಿದ್ದೇನೆ. ಮಾರ್ಗದರ್ಶಕರು ಅದರ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದರು.

ಪಾಠ ಮುಗಿಯುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗಿ ಮತ್ತೆ ಕೈ ಎತ್ತಿದಳು. “ವಿಟಿಯಿಂದ ಬಂದ ವೈರೇ ಕಿತ್ತುಹೋದ್ರೆ?” ಎನೇಬಲ್ ಕಾಲನ್ನು ಗಾಳಿಯಲ್ಲಿ ಬಿಟ್ಟರೆ ಈ ಐಸಿ ಅದನ್ನು ‘ಅನುಮತಿ ಇದೆ’ ಎಂದೇ ತಿಳಿಯಬಹುದು, ಆಗ ಮತ್ತೆ ವೆಸ್ಟಿಂಗ್‌ಹೌಸರ ಮೊದಲ ಬ್ರೇಕಿನ ಕಥೆ. ಆದರೆ 22 ಕಿಲೊಓಮ್ ರೋಧಕವನ್ನು ಎನೇಬಲ್ ಕಾಲಿನ ಬುಡದಲ್ಲೇ ಬೆಸುಗೆ ಹಾಕಿದ್ದರೆ, ವೈರು ಕಿತ್ತರೂ ಅದು ಕಾಲನ್ನು ಸೊನ್ನೆಗೆ ಎಳೆಯುತ್ತದೆ. ನನ್ನದು ವೈರಿನ ಈಚೆ ತುದಿಯಲ್ಲಿತ್ತು, ಡಿಕೋಡರಿನ ಪಕ್ಕದಲ್ಲಿ. ರಾತ್ರಿ ಹಾಸ್ಟೆಲಿನಲ್ಲಿ ಅದನ್ನು ಕಿತ್ತು ಎಲ್293ಡಿಯ ಪಕ್ಕಕ್ಕೆ ಬೆಸೆದೆ. ಮರುದಿನ ಮೋಟಾರು ತಿರುಗುತ್ತಿರುವಾಗ ವೈರನ್ನು ಎಳೆಯುವ ಕೆಲಸವನ್ನು ಅವಳಿಗೇ ಕೊಟ್ಟೆ. ಎಳೆದಳು, ನಿಂತಿತು. ಮುಂದಿನ ಶನಿವಾರ ಶಾಲೆಯ ಸಿಮೆಂಟ್ ತೊಟ್ಟಿಯಲ್ಲಿ ದೋಣಿ ಬಿಡಲು ಅನುಮತಿ ಸಿಕ್ಕಿದೆ.